ಯಾವ ಮೆಕ್ಯಾನಿಕಲ್ ಬ್ರಾಡ್‌ಹೆಡ್ ತಗೊಳ್ಳಲಿ?

ಆಗಸ್ಟ್ ಮುಗಿಯುತ್ತಾ ಬಂತು ಅಂದರೆ ಓಹಾಯೋದ ನಮ್ಮ ಕನ್ನಡದ ಗೆಳೆಯರು ನನಗೆ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ. "ಕ್ರಾಸ್‌ಬೋ ತಗೊಂಡಿದ್ದಾಯ್ತು, ಜಿಂಕೆಗೆ ಯಾವ ಮೆಕ್ಯಾನಿಕಲ್ ಬ್ರಾಡ್‌ಹೆಡ್ ಹಾಕಲಿ?" ಕ್ರಾಸ್‌ಬೋ ಅಂದರೆ ಬಂದೂಕಿನ ಹಾಗೆ ಹಿಡಿದು ಕುದುರೆ ಎಳೆದು ಹೊಡೆಯುವ ಬಿಲ್ಲು. ಬ್ರಾಡ್‌ಹೆಡ್ ಅಂದರೆ ಬಾಣದ ತುದಿಗೆ ಹಾಕುವ ಅಲಗಿನ ಮೊನೆ; ಹಾರುವಾಗ ಅಲಗು ಮಡಚಿಕೊಂಡಿದ್ದು, ತಗುಲಿದಾಗ ಬಿಚ್ಚಿಕೊಂಡರೆ ಅದು ಮೆಕ್ಯಾನಿಕಲ್. ಇಲ್ಲಿ ಜಿಂಕೆ ಅಂದರೆ ವೈಟ್‌ಟೇಲ್ ಅನ್ನುವ ಜಾತಿ. ಬಿಲ್ಲು ಮತ್ತು ಕ್ರಾಸ್‌ಬೋ ಸೀಸನ್ ಸೆಪ್ಟೆಂಬರ್ ಕೊನೆಗೆ ಶುರುವಾಗಿ ಫೆಬ್ರವರಿ ಆರಂಭದವರೆಗೂ ನಡೆಯುತ್ತದೆ. ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ, ಅದು ಹಾಗೇ ಇರಬೇಕು ಕೂಡ. ಆದರೆ ಅದರಿಂದಾಗಿ ನಮಗೆ ಈ ವಿಷಯ ಹೇಳಿಕೊಡುವ ಅಪ್ಪನೋ ಮಾವನೋ ಇರುವುದಿಲ್ಲ. ಇಲ್ಲಿಯವರು ಚಿಕ್ಕ ವಯಸ್ಸಿನಲ್ಲೇ ಮನೆಯವರ ಜೊತೆ ಹೋಗಿ ಕಲಿಯುವುದನ್ನು ನಾವು ಅಂಗಡಿಯಲ್ಲಿ ಪ್ಯಾಕೆಟ್ ಓದಿ ಕಲಿಯಬೇಕು. ಪ್ಯಾಕೆಟ್ ಮೇಲೆ ಬರೆದಿರುವುದು ಮಾರುವವನಿಗೆ ಬೇಕಾದದ್ದು. ಅದಕ್ಕೇ ಬರೆದಿಡುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದೂವರೆ ಇಂಚಿನ ಆಸುಪಾಸು ಅಗಲ, ಹಿಂದಿನಿಂದ ಬಿಚ್ಚಿಕೊಳ್ಳುವ ಅಲಗು, ಕ್ರಾಸ್‌ಬೋಗೆಂದೇ ಮಾಡಿದ್ದು, ತೂಕ ನಿಮ್ಮ ಬೋಲ್ಟ್ (ಕ್ರಾಸ್‌ಬೋ ಬಾಣ) ಜೊತೆ ಬಂದ ಅಭ್ಯಾಸದ ಮೊನೆಯಷ್ಟೇ. ಅದು ಸಾಮಾನ್ಯವಾಗಿ 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ. ಎರಡು ಇಂಚು, ಎರಡೂಕಾಲು ಇಂಚಿನವು ಬೇಡ.

ಎಲ್ಲರಿಗೂ ಬೇಸರವಾಗುವುದು ಈ ಕೊನೆಯ ಮಾತಿಗೇ. ದೊಡ್ಡ ಗಾಯ ಆದರೆ ಒಳ್ಳೆಯದಲ್ವಾ, ಜಿಂಕೆ ಬೇಗ ಬೀಳಲ್ವಾ ಅಂತ ಕೇಳುತ್ತಾರೆ. ಅಗಲ ಒಂದನ್ನೇ ನೋಡಿದರೆ ಸಾಲದು. ಬಾಣ ಗುಂಡಿನ ಹಾಗೆ ಹೊಡೆತದಿಂದ ಕೊಲ್ಲುವುದಿಲ್ಲ. ಕುಯ್ದು, ರಕ್ತ ಹರಿಸಿ ಕೊಲ್ಲುತ್ತದೆ. ನಾವು ಕೂತಿರುವುದು ಮರದ ಮೇಲೆ, ಹದಿನೆಂಟು ಇಪ್ಪತ್ತು ಅಡಿ ಎತ್ತರದ ಅಟ್ಟಣೆಯಲ್ಲಿ. ಬೋಲ್ಟ್ ಪಕ್ಕೆಯ ಮೇಲ್ಭಾಗದಲ್ಲಿ ಒಳಹೊಕ್ಕು ಓರೆಯಾಗಿ ಕೆಳಗೆ ಇಳಿಯುತ್ತದೆ. ಆರಪಾರ ಹೋದರೆ ಆ ಕಡೆಯ ತೂತು ಕೆಳಗಿರುತ್ತದೆ, ರಕ್ತ ಅಲ್ಲಿಂದ ಸುರಿದು ನೆಲದ ಮೇಲೆ ಜಾಡು ಬೀಳುತ್ತದೆ. ಒಳಗೇ ನಿಂತುಬಿಟ್ಟರೆ ಇರುವುದು ಮೇಲಿನ ತೂತು ಒಂದೇ. ರಕ್ತ ಎದೆಗೂಡಿನಲ್ಲೇ ತುಂಬಿಕೊಳ್ಳುತ್ತದೆ, ಹೊರಗೆ ಬರುವುದು ಅಲ್ಲೊಂದು ಇಲ್ಲೊಂದು ಹನಿ. ಜಿಂಕೆ ಸತ್ತಿರುತ್ತದೆ, ಆದರೆ ನಿಮಗೆ ಸಿಗುವುದಿಲ್ಲ. ಒಂದು ಪ್ರಾಣಿಯನ್ನು ಕೊಂದು ಅದನ್ನು ಕಾಡಿನಲ್ಲಿ ಕೊಳೆಯಲು ಬಿಡುವುದಕ್ಕಿಂತ ಕೆಟ್ಟದ್ದು ಬೇಟೆಯಲ್ಲಿ ಬೇರೆ ಇಲ್ಲ. ನನ್ನ ಆಯ್ಕೆ ಪೂರ್ತಿ ನಿಂತಿರುವುದು ಇದರ ಮೇಲೆ. ನನಗೆ ಎರಡು ತೂತು ಬೇಕು.

ಇನ್ನು ಪ್ಯಾಕೆಟ್ ಮೇಲಿನ ಲೆಕ್ಕ. ಎರಡು ಅಲಗಿನ, ಎರಡು ಇಂಚಿನ ಬ್ರಾಡ್‌ಹೆಡ್ ಕುಯ್ಯುವ ಗೆರೆ ಒಟ್ಟು ಎರಡು ಇಂಚು. ಮೂರು ಅಲಗಿನ, ಒಂದೂವರೆ ಇಂಚಿನದರಲ್ಲಿ ಒಂದೊಂದು ಅಲಗು ನಡುವಿನಿಂದ ಮುಕ್ಕಾಲು ಇಂಚು ಚಾಚುತ್ತದೆ. ಮೂರು ಸೇರಿದರೆ ಎರಡೂಕಾಲು ಇಂಚು. ಅಂದರೆ ಚಿಕ್ಕದು ಅಂತ ನೀವು ಬಿಟ್ಟು ಬಂದದ್ದೇ ಜಾಸ್ತಿ ಕುಯ್ಯುತ್ತದೆ! ಗಾಯವೂ ಮೂರು ಕಡೆಗೆ ಸೀಳುವುದರಿಂದ ಬೇಗ ಮುಚ್ಚಿಕೊಳ್ಳುವುದಿಲ್ಲ. ಎರಡು ಅಲಗಿನದಕ್ಕೆ ಒಳಹೋಗುವ ಶಕ್ತಿ ಸ್ವಲ್ಪ ಜಾಸ್ತಿ, ಅದು ನಿಜ. ಒಂದೂವರೆ ಇಂಚಿನೊಳಗೆ ಇದ್ದರೆ ಎರಡರಲ್ಲಿ ಯಾವುದಾದರೂ ಸರಿ.

"ಈಗಿನ ಕ್ರಾಸ್‌ಬೋಗೆ ಅಷ್ಟು ಶಕ್ತಿ ಇದೆ, ಏನು ಹಾಕಿದರೂ ಆರಪಾರ" ಅನ್ನುವವರಿದ್ದಾರೆ. ಶಕ್ತಿ ಇದೆ ಅನ್ನುವುದು ಸುಳ್ಳಲ್ಲ. 400 ಗ್ರೇನ್ ಬೋಲ್ಟ್ ಸೆಕೆಂಡಿಗೆ 380 ಅಡಿ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 128 ಫುಟ್-ಪೌಂಡ್. ಅದೇ ತೂಕದ ಬಾಣ ಕಾಂಪೌಂಡ್ ಬಿಲ್ಲಿನಿಂದ (ತುದಿಗೆ ರಾಟೆ ಇರುವ ಕೈಬಿಲ್ಲು) 280 ಅಡಿ ವೇಗದಲ್ಲಿ ಹೋದರೆ 70ರ ಹತ್ತಿರ. ಪಕ್ಕೆಲುಬಿನ ನಡುವೆ, ನೇರ ಅಡ್ಡಕ್ಕೆ ನಿಂತ ಜಿಂಕೆಗೆ ತಗುಲಿದರೆ ಎರಡು ಇಂಚಿನದೂ ದಾಟಿ ಹೋಗುತ್ತದೆ. ಆದರೆ ಜಿಂಕೆ ನಿಂತಲ್ಲೇ ನಿಲ್ಲುವುದಿಲ್ಲ.

ಹೆದೆಯ ಸದ್ದು ಗಾಳಿಯಲ್ಲಿ ಸೆಕೆಂಡಿಗೆ 1,100 ಅಡಿಗಿಂತ ವೇಗವಾಗಿ ಹೋಗುತ್ತದೆ. ನಲವತ್ತು ಗಜ ದೂರದ ಜಿಂಕೆಗೆ ಅದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕೇಳಿಸುತ್ತದೆ. ಬೋಲ್ಟ್ ಮುಟ್ಟಲು ಅದರ ಮೂರು ಪಟ್ಟು ಹೊತ್ತು ಬೇಕು. ಅಷ್ಟರಲ್ಲಿ ಜಿಂಕೆ ನೆಗೆಯುವುದಕ್ಕೆ ಕಾಲು ಮಡಚಿ ಮೈ ತಗ್ಗಿಸುತ್ತದೆ, ಕೆಲವೊಮ್ಮೆ ತಿರುಗಿಯೂ ಬಿಡುತ್ತದೆ. ನೀವು ಗುರಿಯಿಟ್ಟದ್ದು ಮುಂಗಾಲಿನ ಹಿಂದೆ, ಹೊಟ್ಟೆಯ ಗೆರೆಯಿಂದ ಮೂರನೇ ಒಂದು ಭಾಗ ಮೇಲೆ. ತಗುಲಿದ್ದು ಭುಜದ ಮೂಳೆಗೆ. ಅಲ್ಲಿ ಅಗಲವಾಗಿ ಚಾಚಿದ, ಒಂದು ಮಿಲಿಮೀಟರ್ ದಪ್ಪವೂ ಇಲ್ಲದ ಅಲಗು ಬಾಗುತ್ತದೆ, ಇಲ್ಲವೇ ಮುರಿಯುತ್ತದೆ, ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ. ಬ್ರಾಡ್‌ಹೆಡ್ ಆರಿಸುವಾಗ ಈ ಕೆಟ್ಟ ಏಟನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿ. ಒಳ್ಳೆಯ ಏಟಿಗೆ ಯಾವುದಾದರೂ ಆಗುತ್ತದೆ. ಮೂವತ್ತು ಗಜ ಮೀರಿ ಹೊಡೆಯಬೇಡಿ ಅಂತ ನಾನು ಹೇಳುವುದೂ ಇದಕ್ಕೇ, ಕ್ರಾಸ್‌ಬೋ ಎಷ್ಟೇ ದೂರ ಹೊಡೆಯಲಿ.

ಅಲಗು ಬಿಚ್ಚಿಕೊಳ್ಳುವ ರೀತಿಯನ್ನೂ ನೋಡಿ. ಎನ್‌ಎಪಿ ಸ್ಪಿಟ್‌ಫೈರ್ ತರಹದವುಗಳಲ್ಲಿ ಅಲಗಿನ ತುದಿ ಮುಂದಿರುತ್ತದೆ. ಚರ್ಮಕ್ಕೆ ಸಿಕ್ಕಿ, ಗಾಳಿಗೆ ಕೊಡೆ ಮಗುಚಿಕೊಂಡ ಹಾಗೆ ಹಿಂದಕ್ಕೆ ತಿರುಗುತ್ತದೆ. ನೇರ ಏಟಿಗೆ ಇವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಜಿಂಕೆ ಓರೆಯಾಗಿ ನಿಂತಿದ್ದರೆ ಒಂದು ಕಡೆಯ ಅಲಗು ಮೊದಲು ಸಿಕ್ಕಿಕೊಂಡು ಬೋಲ್ಟ್ ದಾರಿ ತಪ್ಪಬಹುದು. ರೇಜ್, ಸೆವರ್ ತರಹದವುಗಳಲ್ಲಿ ಅಲಗು ಹಿಂದಿನಿಂದ ಹೊರಕ್ಕೆ ಚಾಚುತ್ತದೆ, ಚರ್ಮದಲ್ಲೇ ಪೂರ್ತಿ ಅಗಲದ ತೂತು ಆಗುತ್ತದೆ. ನನಗೆ ಇವೇ ಇಷ್ಟ.

ಕ್ರಾಸ್‌ಬೋಗೆಂದೇ ಮಾಡಿದ್ದು ಯಾಕೆ ಅಂದರೆ, ಹೆದೆ ಬಿಟ್ಟ ಕ್ಷಣದ ತಳ್ಳು ಬಹಳ ಜೋರು. ಅಲಗನ್ನು ಹಿಡಿದಿಡುವ ಪ್ಲಾಸ್ಟಿಕ್ ಕಾಲರ್ ಅಥವಾ ರಬ್ಬರ್ ಬಳೆ ಸಡಿಲವಾಗಿದ್ದರೆ ಹಾರುವಾಗಲೇ ಅಲಗು ಬಿಚ್ಚುತ್ತದೆ, ಬೋಲ್ಟ್ ಎಲ್ಲೋ ಹೋಗುತ್ತದೆ. ಕ್ರಾಸ್‌ಬೋ ಪ್ಯಾಕೆಟ್‌ನಲ್ಲಿ ಬರುವ ಕಾಲರ್ ಜಾಸ್ತಿ ಬಿಗಿ. ಹೋದ ವರ್ಷದ್ದನ್ನು ಈ ವರ್ಷ ಬಳಸಬೇಡಿ. ಅಲಗಿನ ಹಿಂಬದಿಗೆ ಉಗುರು ಕೊಟ್ಟು ಮೆಲ್ಲಗೆ ಎತ್ತಿ ನೋಡಿ. ಸ್ವಲ್ಪ ತಡೆದು, ಟಿಕ್ ಅಂತ ಬಿಡಬೇಕು. ಸುಮ್ನೆ ಮುಟ್ಟಿದರೇ ಬಿಚ್ಚಿಕೊಂಡರೆ ಅದು ಕಸದ ಬುಟ್ಟಿಗೆ. ಬೆರಳು ಜೋಪಾನ, ಪ್ಯಾಕೆಟ್ ಜೊತೆ ಕೊಟ್ಟಿರುವ ಚಿಕ್ಕ ಸ್ಪ್ಯಾನರ್ ಇಲ್ಲದೆ ಹೆಡ್ ತಿರುಗಿಸಲೇಬೇಡಿ. ಡಿಸೆಂಬರ್ ಚಳಿಗೆ ರಬ್ಬರ್ ಗಡುಸಾಗಿ ಬಿರುಕು ಬಿಡುತ್ತದೆ, ಆಗ ಅಟ್ಟಣೆ ಹತ್ತುವ ಮೊದಲು ಪ್ರತಿ ಸಲವೂ ನೋಡಿಕೊಳ್ಳಿ.

"ಅಭ್ಯಾಸದ ಮೊನೆಯ ಹಾಗೇ ಹಾರುತ್ತದೆ" ಅಂತ ಬರೆದಿರುತ್ತಾರೆ. ನಂಬಬೇಡಿ, ಹೊಡೆದು ನೋಡಿ. ಕೆಲವು ಕಂಪನಿಯವರು ಅಲಗು ಬಿಚ್ಚದ ಅಭ್ಯಾಸದ ಹೆಡ್ ಕೊಡುತ್ತಾರೆ, ಸೆವರ್‌ನಲ್ಲಿ ಚಿಕ್ಕ ಸ್ಕ್ರೂ ಹಾಕಿ ಅಲಗನ್ನು ಕಟ್ಟಿಹಾಕಬಹುದು. ಒಂದು ಸಲ ಜಿಂಕೆಗೋ ನೆಲಕ್ಕೋ ಹೊಡೆದ ಅಲಗನ್ನು ಬದಲಿಸದೆ ಮತ್ತೆ ಹಾಕಬೇಡಿ. ಹಗುರ ಹೆಡ್ ಹಾಕಿ ವೇಗ ಹೆಚ್ಚಿಸುವ ಆಸೆಯೂ ಬೇಡ. ಬೋಲ್ಟ್ ಇಷ್ಟಕ್ಕಿಂತ ಹಗುರ ಇರಬಾರದು ಅಂತ ಕ್ರಾಸ್‌ಬೋ ಪುಸ್ತಕದಲ್ಲಿ ಬರೆದಿರುತ್ತದೆ. ಅದಕ್ಕಿಂತ ಹಗುರವಾದರೆ ಏಟು ಬಿಲ್ಲಿಗೇ.

ಕೊನೆಗೆ ಎಲ್ಲರೂ ಕೇಳುವುದು, ಹಾಗಾದರೆ ಫಿಕ್ಸೆಡ್ ಬ್ಲೇಡ್, ಅಂದರೆ ಅಲಗು ಯಾವಾಗಲೂ ಚಾಚಿಕೊಂಡೇ ಇರುವಂಥದ್ದು ಬೇಡ್ವಾ ಅಂತ. ಬೇಡ ಅಂತೇನಿಲ್ಲ. ಬಿಚ್ಚುವ ಭಾಗವೇ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ, ಮೂಳೆಗೂ ಗಟ್ಟಿ. ಕಷ್ಟ ಏನೆಂದರೆ ಕ್ರಾಸ್‌ಬೋ ಬೋಲ್ಟ್ ಬರೀ ಇಪ್ಪತ್ತು ಇಂಚಿನ ಆಸುಪಾಸು ಉದ್ದ. ಆ ವೇಗದಲ್ಲಿ ಮುಂದೆ ಚಾಚಿರುವ ಅಗಲ ಅಲಗಿಗೆ ಗಾಳಿ ಸಿಕ್ಕಿ, ಹಿಂದಿನ ಗರಿ ಒಂದು ಕಡೆಗೆ, ಅಲಗು ಇನ್ನೊಂದು ಕಡೆಗೆ ಎಳೆಯುತ್ತದೆ. ನಿಮ್ಮದು ಸೆಕೆಂಡಿಗೆ 300 ಅಡಿಯ ಆಸುಪಾಸಿನ ಹಳೆಯ ಕ್ರಾಸ್‌ಬೋ ಆಗಿದ್ದರೆ ಒಂದು ಇಂಚಿಗಿಂತ ತುಸು ಅಗಲದ ಫಿಕ್ಸೆಡ್ ಹಾಕಿ, ಕಣ್ಣು ಮುಚ್ಚಿ. ಓಹಾಯೋದಲ್ಲಿ ಮೆಕ್ಯಾನಿಕಲ್, ಫಿಕ್ಸೆಡ್ ಎರಡಕ್ಕೂ ಅನುಮತಿ ಇದೆ. ಮುಕ್ಕಾಲು ಇಂಚು ಅಗಲ, ಎರಡು ಅಲಗು ಇದ್ದರೆ ಸಾಕು. ಬೇರೆ ರಾಜ್ಯಕ್ಕೆ ಹೋಗುವವರು ಆ ರಾಜ್ಯದ ಈ ವರ್ಷದ ನಿಯಮ ಓದಿ, ಆಮೇಲೆ ಪ್ಯಾಕೆಟ್ ಕೊಳ್ಳಿ.