ಕೆಂಬಾಲದ ಟ್ರಾಪಿಕ್‌ಬರ್ಡ್: ಎಣಿಕೆ ಮೊದಲು, ರಿಂಗು ಆಮೇಲೆ

ಏಪ್ರಿಲ್ 9, ಬುಧವಾರ
ಜಾನ್‌ಸ್ಟನ್ ಹವಳದ್ವೀಪ, ಪೆಸಿಫಿಕ್ ಸಾಗರ

ಗೂಡು ಎಣಿಸುವ ಕೆಲಸ ಬೆಳಗ್ಗೆ ಆರಕ್ಕೆ ಶುರು, ಒಂಬತ್ತೂವರೆಗೆ ಬಂದ್. ಅದರಾಚೆ ಕಾವಿಗೆ ಕೂತ ಹಕ್ಕಿಯನ್ನು ಎಬ್ಬಿಸಿದರೆ ಬಿಸಿಲಿಗೆ ಮೊಟ್ಟೆ ಕೆಡುತ್ತದೆ.

ಈ ಕಡಲಹಕ್ಕಿ ಪೊದೆಯ ಬುಡದಲ್ಲಿ ನೆಲ ಕೆದರಿ ಒಂದೇ ಮೊಟ್ಟೆ ಇಡುತ್ತದೆ. ಹಾಗಾಗಿ ದೂರದಿಂದ ಬೈನಾಕ್ಯುಲರ್‌ನಲ್ಲಿ ಎಣಿಸುವ ಮಾತಿಲ್ಲ. ಮೂರ್ನಾಲ್ಕು ಮೀಟರ್ ಅಂತರ ಬಿಟ್ಟು ಸಾಲಾಗಿ ನಡೆಯುತ್ತ, ಪ್ರತಿ ಪೊದೆಯಡಿಗೂ ಬಗ್ಗಿ ನೋಡಬೇಕು. ಮೊಟ್ಟೆಯೋ ಮರಿಯೋ ಇದ್ದರೆ ಮಾತ್ರ ಗೂಡು. ಖಾಲಿ ಗುಳಿ ಲೆಕ್ಕಕ್ಕಿಲ್ಲ. ಮೊದಲ ತಂಡ ಗೂಡಿನ ಪಕ್ಕ ನಂಬರಿನ ಬಿಲ್ಲೆಯನ್ನು ಹೊರಗಿನಿಂದ ಕಾಣದಂತೆ ಇಡುತ್ತದೆ, ಎರಡನೆಯದು ಅದೇ ಜಾಗವನ್ನು ಹೊಸದಾಗಿ ಹುಡುಕುತ್ತದೆ. ಮೊದಲಿನವರಿಗೆ 80, ಎರಡನೆಯವರಿಗೆ 75, ಇಬ್ಬರಿಗೂ ಸಿಕ್ಕಿದ್ದು 60 ಎಂದಿಟ್ಟುಕೊಳ್ಳಿ: 80 × 75 ÷ 60, ಅಂದರೆ ಸುಮಾರು 100 ಗೂಡು. ದಟ್ಟ ಪೊದೆಯ ಒಳಗಿನ ಗೂಡು ಎರಡೂ ತಂಡದ ಕಣ್ಣು ತಪ್ಪಿಸುವುದರಿಂದ ಈ ಅಂದಾಜೂ ನಿಜಕ್ಕಿಂತ ಕಡಿಮೆಯೇ ಇರುತ್ತದೆ.

ನಡೆಯುವಾಗ ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳ ಬಿಲಗಳ ಮೇಲೆ ಗಮನವಿರಲಿ. ಕಾಲಿಟ್ಟು ಬಿಲ ಕುಸಿದರೆ ಆಗಲೇ ಕೈಯಿಂದ ಮರಳು ತೆಗೆದು, ಒಳಗೆ ಹಕ್ಕಿ ಇದೆಯೇ ನೋಡಲೇಬೇಕು.

ಇನ್ನು ರಿಂಗು, ಅಂದರೆ ಗುರುತಿಗೆಂದು ಹಕ್ಕಿಯ ಕಾಲಿಗೆ ಹಾಕುವ ನಂಬರಿನ ಲೋಹದ ಬಳೆ. ಟ್ರಾಪಿಕ್‌ಬರ್ಡ್ ಗೂಡು ಬಿಟ್ಟು ಓಡುವುದಿಲ್ಲ, ಕಾಲು ತೀರ ಹಿಂದಕ್ಕಿರುವುದರಿಂದ ಓಡಲೂ ಆಗದು. ಆದರೆ ಕಚ್ಚುತ್ತದೆ, ಕೊಕ್ಕಿನ ಅಂಚು ಗರಗಸದಂತೆ ಹಲ್ಲುಹಲ್ಲು. ಮೊದಲು ಕೊಕ್ಕು ಹಿಡಿದು, ಬಾಲದ ಎರಡು ಕೆಂಪು ಗರಿ ಮುರಿಯದಂತೆ ರೆಕ್ಕೆ ಮಡಚಿ ಎತ್ತಬೇಕು. ಮೊಟ್ಟೆಯ ಮೇಲೆ ತಕ್ಷಣ ಟೋಪಿ: ನೆರಳೂ ಆಯಿತು, ಮೊಟ್ಟೆಗೆ ಹೊಂಚುವ ಟರ್ನ್‌ಸ್ಟೋನ್ ಹಕ್ಕಿಯಿಂದ ಮರೆಯೂ ಆಯಿತು. ಇಕ್ಕಳದಲ್ಲಿ ರಿಂಗನ್ನು ಮುಕ್ಕಾಲು ಮುಚ್ಚಿ, ನಾಲ್ಕನೇ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿದರೆ ತುದಿಗಳು ಸರಿಯಾಗಿ ಕೂಡುತ್ತವೆ. ಸಂದು ಉಳಿದರೆ ಮೀನುಗಾರಿಕೆಯ ದಾರ ಸಿಕ್ಕಿಕೊಳ್ಳುತ್ತದೆ. ತುದಿಗಳು ಒಂದರ ಮೇಲೊಂದು ಹತ್ತಿದರೆ ಕಾಲು ಗಾಯವಾಗುತ್ತದೆ. ಹಾಗೆ ಹತ್ತಿದ್ದನ್ನು ಸರ್ಕ್ಲಿಪ್ ಇಕ್ಕಳದಿಂದ (ಹಿಡಿ ಒತ್ತಿದರೆ ಬಾಯಿ ತೆರೆಯುವಂಥದ್ದು) ಬಿಡಿಸಿ ಹೊಸದು ಹಾಕಿ. ರಿಂಗು ಮೇಲೆ ಕೆಳಗೆ ಸಲೀಸಾಗಿ ಜಾರಬೇಕು.

ಹತ್ತು ಹೊಸ ರಿಂಗಿಗಿಂತ ಸವೆದ ಒಂದು ಹಳೆ ರಿಂಗು ನನ್ನ ಮಟ್ಟಿಗೆ ದೊಡ್ಡದು. ಹಕ್ಕಿ ಎಷ್ಟು ವರ್ಷ ಬದುಕಿದೆ ಎಂದು ಹೇಳುವುದು ಅದೊಂದೇ. ಉಪ್ಪುನೀರು, ಹವಳದ ಮರಳಿಗೆ ಅಲ್ಯೂಮಿನಿಯಂ ತೆಳ್ಳಗಾಗಿ 3, 8 ಒಂದೇ ಥರ ಕಾಣುತ್ತವೆ. ಅದಕ್ಕೇ ಕಡಲಹಕ್ಕಿಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಇನ್ಕಲಾಯ್ ಎಂಬ ನಿಕಲ್ ಮಿಶ್ರಲೋಹ ಲೇಸು. ಮಸುಕಾದ ರಿಂಗಿನ ಮೇಲೆ ತೆಳು ಕಾಗದ ಸುತ್ತಿ ಪೆನ್ಸಿಲ್ ಉಜ್ಜಿ. ಸುತ್ತಲೂ ಫೋಟೋ ತೆಗೆಯಿರಿ. ಆಗಲೂ ಓದಲಾಗದಿದ್ದರೆ ಬಿಚ್ಚಿ, ಹೊಸ ರಿಂಗಿನ ನಂಬರು ಬರೆದ ಲಕೋಟೆಯಲ್ಲಿ ಹಾಕಿಡಿ. ಪ್ರಯೋಗಾಲಯದಲ್ಲಿ ಆಸಿಡ್ ಹಚ್ಚಿ ಅಂಕಿ ಎಬ್ಬಿಸುತ್ತಾರೆ.

ಇರುವೆಯಂಥ ಕೀಟ ಜೊತೆಗೆ ಬರಬಾರದೆಂದು ದ್ವೀಪಕ್ಕೆ ಸಾಮಾನು ತರುವುದಕ್ಕೂ ನಿಯಮವಿದೆ: ರಟ್ಟಿನ ಪೆಟ್ಟಿಗೆ ಬೇಡ, ಬಟ್ಟೆಬರೆ 48 ಗಂಟೆ ಫ್ರೀಜರಿನಲ್ಲಿ. 2010ರಲ್ಲಿ ಇಲ್ಲಿ ಹಳದಿ ಕ್ರೇಜಿ ಇರುವೆ ಪತ್ತೆಯಾಗಿತ್ತು. ಅದು ಚಿಮ್ಮಿಸುವ ಫಾರ್ಮಿಕ್ ಆಮ್ಲಕ್ಕೆ ಹಕ್ಕಿಗಳ ಕಣ್ಣೇ ಹೋಗುತ್ತದೆ. ಪೂರ್ತಿ ನಿರ್ಮೂಲವಾಯಿತೆಂದು ಘೋಷಿಸಿದ್ದು 2021ರಲ್ಲಿ.

ರಾತ್ರಿ, ತಂತಿಗೆ ಪೋಣಿಸಿಟ್ಟಿದ್ದರಲ್ಲಿ ಉಳಿದ ರಿಂಗುಗಳನ್ನು ಪುಸ್ತಕಕ್ಕೆ ತಾಳೆ ನೋಡುವುದು ಬಾಕಿ. ನಡುವೆ ಒಂದು ನಂಬರು ಕಾಣದಿದ್ದರೆ ಕಳೆದಿದೆಯೋ, ಸೊಟ್ಟಗಾಗಿ ಬಿಸಾಡಿದ್ದೋ ಎಂದು ಇವತ್ತೇ ಬರೆಯಬೇಕು.