ಮುಚ್ಚಳದ ಮೇಲಿನ ಗೀರುಗಳು

"ಈ ಗೀರುಗಳನ್ನೂ ತೆಗೆಯಲೇ?" ಎಂದು ಶಿರಸಿಯ ಹಿರಿಯ ಮೆಕ್ಯಾನಿಕ್ ಕೇಳಿದ್ದು ಮೂರು ದಿನಗಳಿಂದ ಕಿವಿಯಲ್ಲೇ ಇದೆ.

ಅವರ ಕೈಯಲ್ಲಿದ್ದದ್ದು ಬನವಾಸಿ ಕಡೆಯ ಗದ್ದೆಗಳಲ್ಲಿ ಅಪ್ಪ ಓಡಿಸುತ್ತಿದ್ದ ಟ್ರ್ಯಾಕ್ಟರಿನ ರಾಕರ್ ಕವರ್, ಅಂದರೆ ಎಂಜಿನ್ನಿನ ಮೇಲ್ಮುಚ್ಚಳ, ಎರಕದ ಅಲ್ಯೂಮಿನಿಯಂನದು. ಮೊದಲು ಒಯ್ದಿದ್ದ ಗ್ಯಾರೇಜಿನಲ್ಲಿ ಜಿಡ್ಡು ಬಿಡಿಸಲೆಂದು ಅದನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಮುಳುಗಿಸಿಬಿಟ್ಟಿದ್ದರು. ಕಬ್ಬಿಣ ತಾಳಿಕೊಳ್ಳುವ ಆ ಕ್ಷಾರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಹೈಡ್ರೋಜನ್ ಗುಳ್ಳೆಗಳೆದ್ದು ಮುಚ್ಚಳ ಕಪ್ಪಾಗಿತ್ತು. ಲೋಹವನ್ನು ಗುರುತಿಸದೆ ಕೈ ಹಾಕುವವರನ್ನು ಕುಶಲಿಗರೆನ್ನಲು ನನಗೆ ಮನಸ್ಸಿಲ್ಲ.

ಈ ಹಿರಿಯರು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, 120ರ ಒರಟು ಮರಳುಕಾಗದದಿಂದ ಆರಂಭಿಸಿ ಇನ್ನೂ ನಯವಾದ 220, 400, 600ರವರೆಗೆ ನೀರು ಹಾಕುತ್ತ ಉಜ್ಜಿದರು. ಪ್ರತಿ ಸಲವೂ ಹಿಂದಿನದಕ್ಕೆ ಅಡ್ಡಲಾಗಿ ಉಜ್ಜುತ್ತಿದ್ದುದರಿಂದ, ಹಳೆಯ ಗೆರೆ ಪೂರ್ತಿ ಅಳಿಯಿತೇ ಎಂಬುದು ಬರಿಗಣ್ಣಿಗೇ ತಿಳಿಯುತ್ತಿತ್ತು. ಹೆಚ್ಚು ಉಜ್ಜಿದರೆ ಎರಕದೊಳಗಿನ ಸೂಜಿರಂಧ್ರಗಳು ಬಾಯಿಬಿಡುತ್ತವೆಂದು ಆಗಾಗ ನಿಲ್ಲಿಸಿ ಬೆರಳಿನಿಂದ ಸವರಿ ನೋಡುತ್ತಿದ್ದರು. ಬಟ್ಟೆಯ ಚಕ್ರಕ್ಕೆ ಹೊಳಪು ಕೊಡುವ ಕಂದು ಬಫ್ ಸೋಪು ಹಚ್ಚುವ ಮೊದಲು ಆ ಪ್ರಶ್ನೆ ಕೇಳಿದರು.

ಎಣ್ಣೆ ಹಾಕುವ ಬಾಯಿಯ ಪಕ್ಕದಲ್ಲಿ, ಎಂಜಿನ್ ಆಯಿಲ್ ಬದಲಿಸಿದಾಗಲೆಲ್ಲ ಅಪ್ಪ ಮೊಳೆಯಿಂದ ಒಂದೊಂದು ಗೀರು ಎಳೆಯುತ್ತಿದ್ದರು. ನಾಲ್ಕು ನೇರ, ಐದನೆಯದು ಅಡ್ಡ. ಅವನ್ನು ಅಳಿಸಬೇಕೆಂದರೆ ಸುತ್ತಲಿನ ಲೋಹವನ್ನೆಲ್ಲ ಅಷ್ಟೇ ಆಳಕ್ಕೆ ಸವೆಸಬೇಕು. ಗೀರುಗಳಿಗೆ ಲಪ್ಪ (ಪುಟ್ಟಿ) ತುಂಬಿ ಬೆಳ್ಳಿ ಬಣ್ಣ ಹೊಡೆಸೆಂದು ಭಾವ ಹೇಳಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರೂ, ಎಂಜಿನ್ನಿನ ಕಾವಿಗೆ ಹಕ್ಕಳೆ ಏಳುವ ಬಣ್ಣಕ್ಕಾಗಿ ಅಪ್ಪನ ಲೆಕ್ಕವನ್ನು ಮುಚ್ಚಲು ನಾನು ಒಪ್ಪಲಾರೆ. ಅಪ್ಪನ ಸಹಿ ಬ್ಯಾಂಕಿನ ಸಾಲಪತ್ರಗಳಲ್ಲೂ ಇದೆ, ಆದರೆ ಅವರ ದುಡಿಮೆ ಬರೆದಿಟ್ಟಿರುವುದು ಇಲ್ಲಿ ಮಾತ್ರ. ಕಾರ್ಖಾನೆಯಿಂದ ಬಂದಾಗ ಈ ಮುಚ್ಚಳ ಮರಳಚ್ಚಿನ ಒರಟುತನವನ್ನೇ ಹೊತ್ತಿತ್ತು, ಕನ್ನಡಿಯ ಹೊಳಪು ನನ್ನ ಬಯಕೆ. ಹಳೆಯ ಯಂತ್ರವನ್ನು ಮೊದಲಿನಂತೆ ಮಾಡುತ್ತೇನೆಂದು ಹೊರಟವನು ಯಾವ ಮೊದಲಿಗೆ ಹೋಗಬೇಕು, ಅಂಗಡಿಯ ಮೊದಲ ದಿನಕ್ಕೋ, ಅಪ್ಪ ಕೊನೆಯ ಬಾರಿ ಇಳಿದ ದಿನಕ್ಕೋ?

"ಬೇಡ, ಇರಲಿ" ಎಂದೆ. ಅವರು ಮರುಮಾತಾಡದೆ ಆ ಜಾಗವನ್ನು ಬಿಟ್ಟು ಉಳಿದದ್ದಕ್ಕೆ ಹೊಳಪು ಕೊಟ್ಟರು. ಆಮೇಲೆ ಬಿದಿರಿನ ಕಡ್ಡಿ ಚೂಪು ಮಾಡಿ, ಗೀರುಗಳಲ್ಲಿ ಕೂತಿದ್ದ ಕಪ್ಪು ಮಸಿಯನ್ನು ಒಂದೊಂದಾಗಿ ಕೆದಕಿ ತೆಗೆದರು. ನಾನು ಎಣಿಸುತ್ತ ಕುಳಿತಿದ್ದೆ: 23. ಕೊನೆಯ ಗುಂಪಿನಲ್ಲಿ ಮೂರೇ ಇದ್ದವು.