ಬಜೆಟ್‌ನಲ್ಲಿ ಕೊರತೆಯನ್ನು ಓದುವ ಬಗೆ

ಯಾವುದೇ ದೇಶದ ಬಜೆಟ್ ಕೈಗೆ ಸಿಕ್ಕಾಗ ಭಾಷಣ ಪಕ್ಕಕ್ಕಿಟ್ಟು ಮೊದಲು ಕೊರತೆಯ, ಅಂದರೆ ಆದಾಯ ಮೀರಿದ ಖರ್ಚಿನ, ಲೆಕ್ಕ ಹಾಕಿ. ಒಟ್ಟು ಖರ್ಚು 100 ಎಂದುಕೊಳ್ಳಿ. ತೆರಿಗೆ, ಶುಲ್ಕಗಳಿಂದ 75, ಸರ್ಕಾರಿ ಕಂಪನಿಗಳ ಷೇರು ಮಾರಿ 5, ಉಳಿದ 20 ಸಾಲ. ಕೆಲವು ಸರ್ಕಾರಗಳು ಕೊರತೆ 20 ಎಂದೇ ತೋರಿಸುತ್ತವೆ. ಆದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ 2014ರ ಸರ್ಕಾರಿ ಹಣಕಾಸು ಅಂಕಿಅಂಶಗಳ ಕೈಪಿಡಿಯಲ್ಲಿ ಷೇರು ಮಾರಾಟ ಆದಾಯವಲ್ಲ, ಕೊರತೆ ತುಂಬುವ ದಾರಿ. ಹಾಗಾಗಿ ಕೊರತೆ 25. ಇದೇ ಪ್ರಾಮಾಣಿಕ ಲೆಕ್ಕ. ಷೇರು ಒಮ್ಮೆ ಮಾರಿದರೆ ಮುಗಿಯಿತು, ಸಂಬಳ ಮತ್ತು ಪಿಂಚಣಿ ಪ್ರತಿ ವರ್ಷ ಕೊಡಲೇಬೇಕು.

ಆ 100ರ ಖರ್ಚಿನಲ್ಲಿ ಹಳೆಯ ಸಾಲಗಳ ಬಡ್ಡಿ 15 ಇದ್ದರೆ ಅದನ್ನು ಕೊರತೆಯಿಂದ ಕಳೆದು ಉಳಿಯುವ ಪ್ರಾಥಮಿಕ ಕೊರತೆ 10. ಈ ವರ್ಷದ ನಿರ್ಧಾರಗಳ ಭಾರ ಕಾಣುವುದು ಇಲ್ಲೇ.

ಅಂದಾಜು ತಪ್ಪುವುದು ಬಹಳ ಸಲ ಆದಾಯದ ಕಡೆಯಿಂದ. ಜಿಡಿಪಿ 10% ಬೆಳೆಯುತ್ತದೆಂದು ಹಿಡಿದು 6% ಮಾತ್ರ ಬೆಳೆದರೆ ತೆರಿಗೆ ಅಂದಾಜು ಮುಟ್ಟುವುದಿಲ್ಲ. ಸಂಬಳ, ಬಡ್ಡಿ ಮಾತ್ರ ಇಳಿಯುವುದಿಲ್ಲ. ಆಗ ಕತ್ತರಿ ಬೀಳುವುದು ರಸ್ತೆ, ಸೇತುವೆಗಳಂಥ ಬಂಡವಾಳ ವೆಚ್ಚಕ್ಕೆ. ಇಲ್ಲವೇ ಗುತ್ತಿಗೆದಾರರ ಬಿಲ್‌ಗಳನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ಹಣ ಕೊಟ್ಟಾಗ ಮಾತ್ರ ಖರ್ಚು ಬರೆಯುವ ನಗದು ಪದ್ಧತಿಯ ಲೆಕ್ಕದಲ್ಲಿ ಆ ಬಾಕಿ ಈ ವರ್ಷದ ಖರ್ಚಾಗಿ ಕಾಣುವುದೇ ಇಲ್ಲ. ಅದಕ್ಕೇ ಹೊಸ ಅಂದಾಜಿನ ಪಕ್ಕದಲ್ಲಿ ಹಿಂದಿನ ವರ್ಷಗಳ ಅಂದಾಜು ಮತ್ತು ವಾಸ್ತವ ಲೆಕ್ಕ ಎರಡನ್ನೂ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ.